ಹೆದ್ದಾರಿ ಬಂದಾದರೆ ಗಲ್ಲಾ ಖಾಲಿ: ಕೋವಿಡ್ ಕಾಲದಲ್ಲಿ ಶುರು ಮಾಡಿದ್ದರಲ್ಲಿ ಯಾವುದು ಇನ್ನೂ ನಡೆಯುತ್ತಿದೆ?

ಹೆದ್ದಾರಿ ಹೋಟೆಲಿನವ, ಅಂಕೋಲಾ

ಎಲ್ಲರಿಗೂ ನಮಸ್ಕಾರ. ಅಂಕೋಲಾ ಮತ್ತು ಕುಮಟಾ ನಡುವೆ ಹೆದ್ದಾರಿ 66ರ ಬದಿಗೆ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಬೆಳಿಗ್ಗೆ ಬನ್ಸ್, ಇಡ್ಲಿ, ಅವಲಕ್ಕಿ. ಮಧ್ಯಾಹ್ನ ಮೀನೂಟ. ರಾತ್ರಿ ಲಾರಿಯವರಿಗೆ ಚಪಾತಿ, ಅನ್ನ, ಬಂಗಡೆ ಸಾರು. ನಾನು, ಅಣ್ಣ, ಅತ್ತಿಗೆ, ಜೊತೆಗೆ ನಾಲ್ಕು ಜನ ಕೆಲಸದವರು.

ಈ ವರ್ಷ, 2024ರ ಜುಲೈ 16ಕ್ಕೆ, ಇದೇ ಹೆದ್ದಾರಿಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅಲ್ಲಿ ಜೀವ ಕಳೆದುಕೊಂಡವರ ಮುಂದೆ ನಮ್ಮ ನಷ್ಟದ ಮಾತು ಎತ್ತಲು ಮನಸ್ಸು ಬರುವುದಿಲ್ಲ. ಆದರೂ ಹೊಟ್ಟೆಪಾಡು ಇದೆಯಲ್ಲ. ರಸ್ತೆ ಬಂದಾದ ಮೇಲೆ ಒಂದು ಲಾರಿ ಇಲ್ಲ, ಒಂದು ಕಾರು ಇಲ್ಲ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಹೊರಗಿನವರೇ. ಆಗಸ್ಟ್ 7ಕ್ಕೆ ಕಾರವಾರದ ಹಳೇ ಕಾಳಿ ಸೇತುವೆಯೂ ಬಿತ್ತು. ಖಾಲಿ ಬೆಂಚು ನೋಡಿ ಅಣ್ಣ ಹೇಳಿದ: "ಇದು 2020ರ ಹಾಗೇ ಆಯ್ತಲ್ಲೋ."

ಆಗ ನಾವು ಬಾಗಿಲು ಹಾಕಿ ಮನೆಯಲ್ಲಿ ಕೂತೆವು. ಅಪ್ಪನ ಗದ್ದೆ ಇತ್ತು, ಊಟಕ್ಕೆ ತೊಂದರೆ ಆಗಲಿಲ್ಲ. ಈಗ ಸಾಲ ಇದೆ, ಕೂರಲು ಆಗುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ. ಕೋವಿಡ್ ಕಾಲದಲ್ಲಿ ನೀವು, ಅಥವಾ ನಿಮ್ಮ ಊರಿನ ಹೋಟೆಲಿನವರು, ಹೊಸದಾಗಿ ಏನು ಶುರು ಮಾಡಿದಿರಿ? ಇವತ್ತಿಗೂ ನಡೆಯುತ್ತಿದೆಯಾ? ನಿಲ್ಲಿಸಿದ್ದರೆ ಯಾಕೆ? ಪೇಪರಿನಲ್ಲಿ ಬರುವಂಥ ಸಾಧನೆ ಕತೆ ಬೇಡ ಮಾರಾಯ್ರೆ, ನಡೆದದ್ದು ಹೇಳಿ.

ಬನ್ಸ್ ಭಾಜಿ, ಕಾರವಾರ

ಏನು ಬೇಕಾದರೂ ಶುರು ಮಾಡಿ, ಬನ್ಸ್ ಮಾತ್ರ ನಿಲ್ಲಿಸಬೇಡಿ.

ಕೋಡಿಬಾಗದವ, ಕಾರವಾರ

ನಮ್ಮದು ಬಾರ್ ಮತ್ತು ರೆಸ್ಟೋರೆಂಟ್. ಮೀನೂಟಕ್ಕೇ ಜನ ಬರುವುದು. 2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ. ಒಂದು ದಿನದ್ದು ಅಂದುಕೊಂಡೆವು. 24ರ ರಾತ್ರಿ 21 ದಿನ ಅಂತ ಘೋಷಣೆ ಆಯಿತು. ಫ್ರೀಜರ್ ತುಂಬ ಇಸ್ವಾಣ, ಶೆಟ್ಲಿ (ಸಿಗಡಿ), ನೊಗ್ಲಿ ಮೀನು. ಕೊಂಕಣ ರೈಲು ನಿಂತಿತು. ಮಾಜಾಳಿ ಗೇಟ್ ಬಂದಾಯಿತು, ಗೋವಾದ ಗಿರಾಕಿ ಹೋಯಿತು. ಪಾರ್ಸೆಲ್ ಕೊಡಬಹುದು ಅಂತ ಸರ್ಕಾರ ಹೇಳಿತ್ತು. ಕೊಡುವುದು ಯಾರಿಗೆ? ರಸ್ತೆಗೆ ಬಂದರೆ ಪೊಲೀಸರ ಲಾಠಿ.

ಮೊದಲು ಮಾಡಿದ್ದು ಫ್ರೀಜರ್ ಖಾಲಿ ಮಾಡುವ ಕೆಲಸ. ಕೇರಿಯ ಮನೆಗಳಿಗೆ ಕೊಂಡ ದರಕ್ಕೇ ಮೀನು ಕೊಟ್ಟೆವು. ಆಮೇಲೆ ಮೇ 9ರಿಂದ 17ರ ತನಕ ಬಾರ್‌ನವರು ಇರುವ ಸ್ಟಾಕನ್ನು ಎಂಆರ್‌ಪಿ ದರಕ್ಕೆ ಪಾರ್ಸೆಲ್ ಮಾರಬಹುದು ಅಂತ ಆಯಿತು. ಸಾಲು ನಿಂತಿತ್ತು. ಎರಡು ತಿಂಗಳ ಬಾಡಿಗೆ ಅದರಲ್ಲೇ ಬಂತು. ಆದರೆ ಅದು ಸ್ಟಾಕ್ ಖಾಲಿ ಮಾಡಿದ್ದು ಅಷ್ಟೇ. ಅದನ್ನು ಹೊಸ ವ್ಯಾಪಾರ ಅಂತ ಎಣಿಸಬೇಡಿ.

ಜೂನ್ 8ಕ್ಕೆ ಕೂತು ಊಟ ಮಾಡಲು ಬಿಟ್ಟರು. ಮೇಜು ದೂರ ದೂರ ಹಾಕಿದೆವು, ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟೆವು, ಹಣೆಗೆ ಜ್ವರ ನೋಡುವ ಗನ್ ಹಿಡಿದೆವು. ಜನ ಬರಲಿಲ್ಲ. ಯಾರೋ ಉಂಡ ತಟ್ಟೆಯಲ್ಲಿ ಉಣ್ಣಲು ಹೆದರಿಕೆ. ಮೀನು ತಂದು ಮನೆಯಲ್ಲೇ ಸಾರು ಮಾಡುತ್ತಿದ್ದರು. ಫೋನ್ ಮಾಡಿ ಕೇಳುತ್ತಿದ್ದರು: "ನಿಮ್ಮ ಸಾರಿಗೆ ಏನು ಹಾಕ್ತೀರಿ? ಆ ರುಚಿ ಬರೋದಿಲ್ಲ." ನಮ್ಮ ಅಡುಗೆಯವಳೇ ಹೇಳಿದಳು, ಮಸಾಲೆ ಕೊಡೋಣ ಅಂತ.

ತೆಂಗಿನಕಾಯಿ ಹಾಕಿ ರುಬ್ಬಿದ ಮಸಾಲೆ ಪ್ಯಾಕೆಟ್‌ನಲ್ಲಿ ಕೊಟ್ಟೆವು. ಎರಡನೇ ದಿನಕ್ಕೆ ಹುಳಿ ವಾಸನೆ. ಹಾಗಾಗಿ ಕಾಯಿ ಬಿಟ್ಟು ಒಣ ಮಸಾಲೆ ಮಾಡಿದೆವು. ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತ್ಯ, ಅರಿಶಿನ. ತೆಪ್ಪಲ್ ಎಂಬ ಘಮದ ಕಾಯಿ ಬೇರೆ ಪೊಟ್ಟಣದಲ್ಲಿ, ಯಾಕೆಂದರೆ ಬಂಗಡೆಗೆ, ತಾರ್ಲೆಗೆ ಅದು ಬೇಕು, ಶೆಟ್ಲಿಗೆ ಬೇಡ. ಕಾಯಿ ಅವರವರ ಮನೆಯಲ್ಲೇ ಹಾಕಿಕೊಳ್ಳಲಿ. ಇದು ಇವತ್ತಿಗೂ ನಡೆಯುತ್ತಿದೆ. ಗಲ್ಲೆಯ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೇನೆ. ಉಂಡು ಹೊರಡುವವರು ಒಂದೆರಡು ಪ್ಯಾಕೆಟ್ ಒಯ್ಯುತ್ತಾರೆ.

ನಿಂತು ಹೋದದ್ದು ಯಾವುದು ಅಂದರೆ, ಮೀನು ಹೆಚ್ಚಿ, ತೊಳೆದು ಮನೆಗೆ ಮುಟ್ಟಿಸುವ ಕೆಲಸ. ಆ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧವನ್ನು 61 ದಿನದಿಂದ 47ಕ್ಕೆ ಇಳಿಸಿದ್ದರು, ಜೂನ್ 15ರಿಂದ ಜುಲೈ 31. ಆದರೂ ಆ ಹೊತ್ತಿಗೆ ಒಳ್ಳೆ ಮೀನಿನ ದರ ಕೈಗೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯ, ಬುಟ್ಟಿ ಹೊತ್ತು ಮನೆ ಬಾಗಿಲಿಗೆ ಬರುವ ಅಕ್ಕಂದಿರು ಇದ್ದಾರಲ್ಲ. ಯಾವ ಮನೆಗೆ ಯಾವ ಮೀನು, ಯಾವ ವಾರ ಅವರು ಮೀನು ತಿನ್ನುವುದಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಅವರ ಜೊತೆ ಪೈಪೋಟಿ ಮಾಡಿ ಗೆದ್ದವನನ್ನು ನಾನು ನೋಡಿಲ್ಲ.

ಕುಮಟೆ ಹುಡುಗ, ಸದ್ಯ ಬೆಂಗಳೂರು

ಕೋಡಿಬಾಗದಣ್ಣ, ದೊಡ್ಡ ದೊಡ್ಡವರೂ ಅದನ್ನೇ ಮಾಡಿದ್ದು. ಕೋಪನ್‌ಹೇಗನ್‌ನ ನೋಮಾ ಅಂತ ಜಗತ್ತಿಗೇ ಹೆಸರಾದ ರೆಸ್ಟೋರೆಂಟ್. ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕಿತ್ತು. 2020ರ ಮೇನಲ್ಲಿ ತೆರೆದಾಗ ಅಂಗಳದಲ್ಲಿ ಬರ್ಗರ್ ಮಾರಿದರು. ಅಮೆರಿಕದ ಸಿಯಾಟಲ್‌ನಲ್ಲಿ ಕ್ಯಾನ್ಲಿಸ್ ಅಂತ ಹಳೇ ದುಬಾರಿ ರೆಸ್ಟೋರೆಂಟ್ ಇದೆ. ಅವರೂ ಕಾರಿನಲ್ಲಿ ಬಂದವರಿಗೆ ಬರ್ಗರ್ ಕೊಟ್ಟರು. ಇಲ್ಲಿ ಬೆಂಗಳೂರಿನಲ್ಲಿ ಹಿಟ್ಟು, ಚಟ್ನಿ, ಪಲ್ಯ ಸೇರಿಸಿ ದೋಸೆ ಕಿಟ್ ಮಾರಿದರು. ಅಡುಗೆ ಭಟ್ಟರು ವಿಡಿಯೋದಲ್ಲಿ ಹೇಳಿಕೊಡುತ್ತಿದ್ದರು.

ಅಂಕೋಲೆಯವರಿಗೆ ನನ್ನ ಸಲಹೆ: ಬೆಂಚು, ಮೇಜು ಬಿಟ್ಟು ಬರೀ ಅಡುಗೆಮನೆ ಇಟ್ಟುಕೊಳ್ಳಿ. ಆ್ಯಪ್‌ನಲ್ಲಿ ಹೆಸರು ಹಾಕಿಸಿ. ಬಾಡಿಗೆ ಕಮ್ಮಿ, ಸಪ್ಲೈಯರ್ ಬೇಡ.

ಹೊನ್ನಾವರದ ಅಕ್ಕ

ತಮ್ಮಾ, ಅಂಕೋಲಾ ಊರ ಹೊರಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಒಂದು ಗದ್ದೆ, ಒಂದು ಹಳ್ಳ ದಾಟಬೇಕು. ಬೈಕ್ ಹುಡುಗ ಒಂದು ಊಟ ಕೊಟ್ಟು ವಾಪಸ್ ಬರುವಷ್ಟರಲ್ಲಿ ಇಲ್ಲಿ ಅನ್ನ ತಣ್ಣಗಾಗಿರುತ್ತದೆ.

ಲೆಕ್ಕದ ಪುಸ್ತಕ, ಕುಮಟಾ

ನಾನು ಸಣ್ಣ ಹೋಟೆಲುಗಳ ಲೆಕ್ಕ ಬರೆಯುವವನು. ಆ್ಯಪ್ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ನೂರು ರೂಪಾಯಿ ಆರ್ಡರ್‌ಗೆ ಕಮಿಷನ್ ಇಪ್ಪತ್ತರ ಮೇಲೆ ಹೋಗುವುದು ಸಾಮಾನ್ಯ. ಅದರ ಮೇಲೆ ಡಬ್ಬಿ, ಚೀಲದ ಖರ್ಚು, ಆ್ಯಪ್ ಕೇಳುವ ರಿಯಾಯಿತಿ. ಮೀನೂಟದಲ್ಲಿ ಮೀನಿನ ದರವೇ ಅರ್ಧ ತಿನ್ನುತ್ತದೆ. ಉಳಿಯುವುದು ಎಲ್ಲಿ? ಇದು ನಮ್ಮ ಊರಿನ ಗೋಳು ಮಾತ್ರ ಅಲ್ಲ. ದೇಶದ ರೆಸ್ಟೋರೆಂಟ್‌ನವರ ಸಂಘ 2021ರ ಜುಲೈಯಲ್ಲಿ ಸ್ವಿಗ್ಗಿ, ಝೊಮ್ಯಾಟೊ ಮೇಲೆ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಆಯೋಗ ತನಿಖೆಗೆ ಆದೇಶ ಮಾಡಿತು. ಒಂದು ಅನುಕೂಲ ಆಗಿದ್ದು ನಿಜ. 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋದ ಊಟದ ಜಿಎಸ್‌ಟಿಯನ್ನು ಆ್ಯಪ್‌ನವರೇ ಕಟ್ಟುತ್ತಾರೆ. ಆದರೆ ಅದು ಕಮಿಷನ್ ಕಮ್ಮಿ ಮಾಡುವುದಿಲ್ಲ.

ಎರಡನೇ ಮಾತು ಸಾಲದ್ದು. ಕೋವಿಡ್‌ನಲ್ಲಿ "ಬದುಕಿದ" ಹೋಟೆಲುಗಳಲ್ಲಿ ಹಲವು ಬದುಕಿದ್ದು ಸಾಲದ ಮೇಲೆ. ಇದನ್ನು ಯಾರೂ ಹೇಳುವುದಿಲ್ಲ. 2020ರ ಮಾರ್ಚ್‌ನಿಂದ ಆಗಸ್ಟ್ ತನಕ ಕಂತು ಮುಂದೂಡಲು ಬಿಟ್ಟರು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಆಮೇಲೆ ಸರ್ಕಾರದ ಖಾತರಿ ಮೇಲೆ ತುರ್ತು ಸಾಲ ಬಂತು. ಇದ್ದ ಸಾಲದ ಶೇಕಡಾ 20ರಷ್ಟು ಹೆಚ್ಚುವರಿ ಸಾಲ, ಬೇರೆ ಅಡಮಾನ ಇಲ್ಲದೆ. 2021ರಲ್ಲಿ ಹೋಟೆಲು, ಪ್ರವಾಸದವರಿಗೆ ಅದನ್ನು 40ರ ತನಕ ಏರಿಸಿದರು. ಮೊದಲ ಎರಡು ವರ್ಷ ಅಸಲು ಕಟ್ಟುವುದು ಬೇಡ, ಒಟ್ಟು ಅವಧಿ ಆರು ವರ್ಷ. ಅಂದರೆ ಆಗ ಸಾಲ ತೆಗೆದವರು ಇನ್ನೂ ಕಟ್ಟುತ್ತಿದ್ದಾರೆ. ಈ ಚರ್ಚೆಯಲ್ಲಿ ಯಾರಾದರೂ "ನಾವು ಗೆದ್ದೆವು" ಅಂದರೆ ಅವರ ಕಂತು ಎಷ್ಟು ಉಳಿದಿದೆ ಅಂತ ಒಮ್ಮೆ ಕೇಳಿ.

ಗೋಕರ್ಣ ಪೇಟೆ

ನಮ್ಮದು ಕುಡ್ಲೆ ಬೀಚ್ ಕಡೆ ಒಂದು ಕೆಫೆ. ಗೋಕರ್ಣದ ಕತೆ ಬೇರೆಯೇ. ಮೊದಲು ನಮ್ಮ ಮೆನುವಿನಲ್ಲಿ ಹಮ್ಮಸ್, ಶಕ್ಷುಕಾ, ಪ್ಯಾನ್‌ಕೇಕ್, ಪಾಸ್ತಾ. ಅಡುಗೆಯವರು ನೇಪಾಳದವರು. ಗಿರಾಕಿಗಳಲ್ಲಿ ಹೆಚ್ಚಿನವರು ವಿದೇಶದವರು. 2020ರ ಮಾರ್ಚ್ 13ರಿಂದ ಪ್ರವಾಸಿ ವೀಸಾ ನಿಲ್ಲಿಸಿದರು. ಮತ್ತೆ ಎಲ್ಲರಿಗೂ ತೆರೆದದ್ದು 2021ರ ನವೆಂಬರ್ 15ಕ್ಕೆ. ನಡುವೆ ಎರಡು ಸೀಸನ್ ಹೋಯಿತು.

ಅಡುಗೆಯವರು ರೈಲು ಬಿಟ್ಟ ಮೇಲೆ ಊರಿಗೆ ಹೋದರು. ಅಮ್ಮ, ಚಿಕ್ಕಮ್ಮ ಒಲೆ ಮುಂದೆ ನಿಂತರು. ಅವರಿಗೆ ಬರುವುದು ಕುಚ್ಚಲಕ್ಕಿ ಅನ್ನ, ತಿಸ್ರೆ (ಚಿಪ್ಪಿಕಲ್ಲು) ಸುಕ್ಕ, ಸೋಲ್ ಕಡಿ. ಅದನ್ನೇ ಇಟ್ಟೆವು. ಆ ವರ್ಷದ ಕೊನೆಗೆ ಬೆಂಗಳೂರಿನ ಹುಡುಗರು ಲ್ಯಾಪ್‌ಟಾಪ್ ಹಿಡಿದು ಬಂದರು. ಆಫೀಸು ಬಂದ್, ಮನೆಯಿಂದ ಕೆಲಸ. ಮನೆ ಎಂದರೆ ಎಲ್ಲಿಯಾದರೂ ಆಗಬಹುದಲ್ಲ. ಅವರಿಗೆ ಬೇಕಾದದ್ದು ಮೂರು. ಕರೆಂಟು, ವೈಫೈ, ಹೊತ್ತಿಗೆ ಸರಿಯಾಗಿ ಊಟ. ಕರೆಂಟು ನಮ್ಮ ಕೈಯಲ್ಲಿ ಇರಲಿಲ್ಲ, ಇನ್ವರ್ಟರ್ ಹಾಕಿದೆವು. ತಿಂಗಳ ಲೆಕ್ಕದಲ್ಲಿ ರೂಮು, ಮೂರು ಹೊತ್ತು ಊಟ. ಒಬ್ಬ ಪುಣ್ಯಾತ್ಮ ದಿನಾ ಬೆಳಿಗ್ಗೆ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಬನ್ಸ್ ತಿನ್ನುತ್ತಿದ್ದ.

ಈಗ ಆಫೀಸುಗಳು ವಾಪಸ್ ಕರೆದಿವೆ. ತಿಂಗಳ ಗಿರಾಕಿ ತುಂಬ ಕಮ್ಮಿ ಆಗಿದೆ. ಉಳಿದದ್ದು ಮೆನು. ಹಮ್ಮಸ್ ಈಗಲೂ ಇದೆ, ಆದರೆ ಜಾಸ್ತಿ ಹೋಗುವುದು ಮೀನೂಟ. ಮೊದಲು ಕೆಫೆ ಅಂದರೆ ನಮ್ಮವರು ಒಳಗೆ ಬರಲು ಹಿಂಜರಿಯುತ್ತಿದ್ದರು. ಈಗ ಹುಬ್ಬಳ್ಳಿ, ಬೆಳಗಾವಿಯ ಮನೆಮಂದಿ ಬಂದು ಕೂರುತ್ತಾರೆ.

ಬನ್ಸ್ ಭಾಜಿ, ಕಾರವಾರ

ನೋಡಿದಿರಾ? ಅಲ್ಲೂ ಬನ್ಸ್.

ತಂಬುಳಿ, ಶಿರಸಿ

ಘಟ್ಟದ ಮೇಲಿನದೂ ಸ್ವಲ್ಪ ಕೇಳಿ. ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲ್, ಶಿರಸಿ ಪೇಟೆಯಲ್ಲಿ. ನಮಗೆ ಒಂದು ಅದೃಷ್ಟ ಇತ್ತು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2020ರಲ್ಲಿ ಮಾರ್ಚ್ 3ರಿಂದ 11ರ ತನಕ ನಡೆಯಿತು. ಎರಡೇ ವಾರ ತಡವಾಗಿದ್ದರೆ ಜಾತ್ರೆಯೇ ಇರುತ್ತಿರಲಿಲ್ಲ. ಆ ಒಂಬತ್ತು ದಿನದ ದುಡ್ಡಿನ ಮೇಲೆ ಶಿರಸಿಯ ಎಷ್ಟೋ ಹೋಟೆಲು ಏಪ್ರಿಲ್, ಮೇ ಕಳೆದವು. ಅಮ್ಮನೇ ಕಾಪಾಡಿದಳು ಅನ್ನುವವರು ಇದ್ದಾರೆ. ನಾನಂತೂ ಅಲ್ಲ ಅನ್ನುವುದಿಲ್ಲ.

ಲಾಕ್‌ಡೌನ್ ಬಂದದ್ದು ಮಾವಿನ ಮಿಡಿ ಹೊತ್ತಿಗೆ. ಹಿಂದೆಯೇ ಹಲಸು. ತೋಟದವರಿಗೆ ಮಿಡಿ ಕೊಯ್ದರೂ ಕೊಳ್ಳುವವರಿಲ್ಲ. ನಮ್ಮ ಹತ್ತಿರ ದೊಡ್ಡ ಬಾಣಲೆ ಇದೆ, ಗ್ರೈಂಡರ್ ಇದೆ, ಕೈ ಖಾಲಿ ಇದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಹಲಸಿನಕಾಯಿ ಚಿಪ್ಸ್, ಬಾಳೆಕಾಯಿ ಚಿಪ್ಸ್ ಮಾಡಿದೆವು. ಹೋಟೆಲಿನವ ಹಪ್ಪಳ ಮಾಡುವುದು ಹೊಸದೇನೂ ಅಲ್ಲ. ಮಾರುವುದೇ ಕಷ್ಟ. ಶಿರಸಿಯಲ್ಲಿ ಹಪ್ಪಳ ಕೊಳ್ಳುವವರು ಯಾರು? ಪ್ರತಿ ಮನೆಯಲ್ಲೂ ಡಬ್ಬಿ ತುಂಬ ಇದೆ.

ಮಾರುಕಟ್ಟೆ ತಂದುಕೊಟ್ಟವರು ಊರಿಗೆ ವಾಪಸ್ ಬಂದ ಹುಡುಗರು. ನೆನಪಿದೆಯಲ್ಲ, ಸಿಗ್ನಲ್ ಹುಡುಕಿಕೊಂಡು ಗುಡ್ಡದ ತುದಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಕಟ್ಟಿ ಕೂತು ಆಫೀಸ್ ಕೆಲಸ ಮಾಡುತ್ತಿದ್ದರು. ಅವರೇ ತಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಆರ್ಡರ್ ಬರೆದುಕೊಳ್ಳುವ ಫಾರಂ ಮಾಡಿಕೊಟ್ಟರು. ಕಳಿಸುವುದು ಹೇಗೆ? ಮೊದಲು ಅಂಚೆ. ಗಾಜಿನ ಬಾಟಲಿ ಒಡೆದು ಉಪ್ಪಿನಕಾಯಿ ರಸ ಬೇರೆಯವರ ಪಾರ್ಸೆಲ್‌ಗೆ ಹೋಗಿ ದೊಡ್ಡ ರಂಪ ಆಯಿತು. ಆಮೇಲೆ ಆಹಾರಕ್ಕೆ ಆಗುವಂಥ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸೀಲ್, ಮೇಲೆ ಇನ್ನೊಂದು ಚೀಲ. 2021ರ ಫೆಬ್ರವರಿಯಲ್ಲಿ ಸಾರಿಗೆ ಬಸ್ಸಿನವರ "ನಮ್ಮ ಕಾರ್ಗೋ" ಶುರುವಾಯಿತು. ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಬೆಂಗಳೂರು. 2022ರಲ್ಲಿ ಆ ಹುಡುಗರು ವಾಪಸ್ ಹೋದರು. ಹೋದ ಮೇಲೆ ಅವರೇ ಗಿರಾಕಿಗಳಾದರು. ಈಗ ಮಿಡಿ ಉಪ್ಪಿನಕಾಯಿ ಪೂರ್ತಿ ಬೆಂಗಳೂರಿಗೇ ಹೋಗುತ್ತದೆ. ಚಿಪ್ಸ್ ನಿಲ್ಲಿಸಿದೆವು. 2021ರಲ್ಲಿ ಎಣ್ಣೆ ದರ ಏರಿದ ಮೇಲೆ ಏನೂ ಗಿಟ್ಟಲಿಲ್ಲ.

ಇನ್ನೊಂದು ಕೆಲಸ ಇದಕ್ಕಿಂತ ಚೆನ್ನಾಗಿ ನಿಂತಿತು, ಅದನ್ನು ಹೇಳಲೇಬೇಕು. 2020ರಲ್ಲಿ ಮದುವೆಗೆ 50 ಜನ ಅಂತ ಮಿತಿ ಹಾಕಿದರಲ್ಲ. ನಮ್ಮ ಕಡೆ ಮದುವೆ ಊಟಕ್ಕೆ ಸಾವಿರ ಎಲೆ ಬೀಳುವುದು ಸಾಮಾನ್ಯ. ಅಡುಗೆ ಭಟ್ಟರಿಗೆ ಕೆಲಸ ಇಲ್ಲದಾಯಿತು. ಆದರೆ 50 ಜನರ ಅಡುಗೆಯೂ ಯಾರಾದರೂ ಮಾಡಬೇಕಲ್ಲ? ಹಂತಿಗೆ (ಊಟದ ಸಾಲಿಗೆ) ಬರಲಾಗದ ನೆಂಟರ ಮನೆಗೆ ಹೋಳಿಗೆ ಊಟ ಮುಟ್ಟಿಸಬೇಕಲ್ಲ? ಕೆಲಸ ಇಲ್ಲದ ಒಬ್ಬ ಭಟ್ಟರನ್ನು ನಮ್ಮ ಹೋಟೆಲಿಗೆ ಕರೆದುಕೊಂಡೆವು. ಅಪ್ಪೆಹುಳಿ, ತಂಬುಳಿ, ಕಾಯಿ ಹೋಳಿಗೆ ಎಲ್ಲ ಸೇರಿಸಿ ಊಟದ ಪಾರ್ಸೆಲ್ ಕೊಟ್ಟೆವು. ಮಿತಿ ಹೋದ ಮೇಲೆ ದೊಡ್ಡ ಮದುವೆ ವಾಪಸ್ ಬಂತು. ಸಣ್ಣ ಊಟದ ಬೇಡಿಕೆ ಮಾತ್ರ ಹೋಗಲಿಲ್ಲ. ಹಳ್ಳಿ ಮನೆಗಳಲ್ಲಿ ಈಗ ಇರುವವರು ಅಪ್ಪ, ಅಮ್ಮ ಇಬ್ಬರೇ. ಶ್ರಾದ್ಧ, ಸತ್ಯನಾರಾಯಣ ಪೂಜೆ, ಮೊಮ್ಮಗನ ಹುಟ್ಟುಹಬ್ಬ. ಮೂವತ್ತು ಜನಕ್ಕೆ ಅಡುಗೆ ಮಾಡುವ ಶಕ್ತಿ ಅವರಲ್ಲಿಲ್ಲ. ನಾವು ಪಾತ್ರೆ, ಬಾಳೆ ಎಲೆ ಸಮೇತ ಮುಟ್ಟಿಸುತ್ತೇವೆ. ಇವತ್ತು ನಮ್ಮ ಆದಾಯದಲ್ಲಿ ದೊಡ್ಡ ಪಾಲು ಇದೇ. ಲಾಕ್‌ಡೌನ್ ಬಾರದಿದ್ದರೂ ಈ ಕೆಲಸ ಇತ್ತು, ನಮಗೆ ಕಂಡಿರಲಿಲ್ಲ.

ಕುಮಟೆ ಹುಡುಗ, ಸದ್ಯ ಬೆಂಗಳೂರು

ತಂಬುಳಿ ಭಾವ, ಆ ಗುಡ್ಡದ ತುದಿಯಲ್ಲಿ ಕೂತವರಲ್ಲಿ ನಾನೂ ಒಬ್ಬ. ಉಂಬಳ ಕಚ್ಚಿಸಿಕೊಂಡೇ ಪ್ರಾಜೆಕ್ಟ್ ಮುಗಿಸಿದ್ದು.

ಹಳೇ ಸಪ್ಲೈಯರ್, ಕಾರವಾರ

ಎಲ್ಲರ ಮಾತು ಓದಿದೆ. ಹೋಟೆಲು ಉಳಿಯಿತು, ಮಸಾಲೆ ನಡೆಯಿತು, ಚೆನ್ನಾಯಿತು. ಆದರೆ ಯಾರು ಉಳಿದದ್ದು ಅಂತಲೂ ಕೇಳಬೇಕು. ನಾನು ಹದಿನಾಲ್ಕನೇ ವಯಸ್ಸಿಗೆ ಹೋಟೆಲಿಗೆ ಸೇರಿದವನು. ಲೋಟ ತೊಳೆದು, ಆಮೇಲೆ ಸಪ್ಲೈಯರ್ ಆಗಿ, ಆಮೇಲೆ ಗಲ್ಲೆಯ ತನಕ ಬಂದೆ. ಮಾರ್ಚ್ 2020ಕ್ಕೆ ಮಾಲಕರು ಆ ತಿಂಗಳ ಸಂಬಳ ಕೊಟ್ಟು, "ತೆರೆದ ಮೇಲೆ ಕರೀತೇನೆ" ಅಂದರು. ಜೂನ್‌ನಲ್ಲಿ ತೆರೆದರು. ಕರೆಯಲಿಲ್ಲ. ಅರ್ಧ ಸೀಟಿಗೆ ಅರ್ಧ ಜನ ಸಾಕು ಅಂತ. ಆಮೇಲೆ ಪೂರ್ತಿ ಸೀಟು ಆಯಿತು. ಜನ ಮಾತ್ರ ಅರ್ಧವೇ ಉಳಿದರು. ಈಗ ಒಬ್ಬ ಹುಡುಗ ಆರು ಮೇಜು ನೋಡುತ್ತಾನೆ.

ನಾನು ಕೈಗಾಡಿ ಹಾಕಿದೆ. ಬೀದಿ ವ್ಯಾಪಾರದವರಿಗೆ ಅಂತ 2020ರ ಜೂನ್‌ನಲ್ಲಿ ಸ್ವನಿಧಿ ಯೋಜನೆ ಬಂತಲ್ಲ, ಆ ಹತ್ತು ಸಾವಿರ ಸಿಕ್ಕಿತು. ಮಿಸಳ್, ಆಮ್ಲೆಟ್, ಸಂಜೆ ಮಿರ್ಚಿ. ಕೂರುವ ಜಾಗ ಇಲ್ಲದ್ದೇ ನನಗೆ ಲಾಭ ಆಯಿತು, ಜನರಿಗೆ ಬಯಲಿನಲ್ಲಿ ನಿಂತು ತಿನ್ನಲು ಹೆದರಿಕೆ ಇರಲಿಲ್ಲ. ಮೊದಲ ಸಾಲ ತೀರಿಸಿದೆ. ಗಾಡಿ ಈಗಲೂ ನಡೆಯುತ್ತಿದೆ.

ಮಾಲಕರ ಮೇಲೆ ಸಿಟ್ಟಿಲ್ಲ. ಅಂಕೋಲೆಯವರೇ, ನಿಮ್ಮ ನಾಲ್ಕು ಜನರನ್ನು ಈಗ ಏನು ಮಾಡಿದ್ದೀರಿ? ಅದನ್ನು ಬರೆದಿಲ್ಲ ನೀವು.

ಹೆದ್ದಾರಿ ಹೋಟೆಲಿನವ, ಅಂಕೋಲಾ

ಸರಿಯಾದ ಪ್ರಶ್ನೆ. ಇಬ್ಬರು ಬರುತ್ತಿದ್ದಾರೆ. ಇಬ್ಬರಿಗೆ ಅರ್ಧ ಸಂಬಳ ಕೊಟ್ಟು ಮನೆಯಲ್ಲಿರಿ ಅಂದಿದ್ದೇವೆ. ಅವರಲ್ಲಿ ಒಬ್ಬಳು ಹಾಲಕ್ಕಿ ಕೇರಿಯವಳು, ರೊಟ್ಟಿ ತಟ್ಟುವವಳು. ಹೊಸ ಕೆಲಸ ಹುಡುಕುತ್ತಿರುವುದೂ ಅದಕ್ಕೇ. ಮುಂದಿನ ತಿಂಗಳು ಅರ್ಧ ಸಂಬಳವೂ ಕಷ್ಟ.

ನಿತ್ಯ ಗಿರಾಕಿ, ಕುಮಟಾ

ಒಂದು ಬದಿ ಮಾತ್ರ ಹೇಳುತ್ತಿದ್ದೀರಿ. ಕೋವಿಡ್ ಹೆಸರಲ್ಲಿ ಊಟದ ದರ ಏರಿಸಿದಿರಿ. ಕೋವಿಡ್ ಹೋಯಿತು, ದರ ಇಳಿಯಲಿಲ್ಲ. ಪಲ್ಯ ಎರಡು ಇದ್ದದ್ದು ಒಂದಾಯಿತು. ಎರಡನೇ ಸಲ ಸಾರು ಕೇಳಿದರೆ ಮುಖ ನೋಡುತ್ತಾರೆ.

ಕೋಡಿಬಾಗದವ, ಕಾರವಾರ

ಮುಖ ನೋಡಿದ್ದು ತಪ್ಪು, ಒಪ್ಪುತ್ತೇನೆ. ದರ ಬೇರೆ ವಿಷಯ. 2021ರ ನವೆಂಬರ್‌ನಲ್ಲಿ 19 ಕಿಲೋ ಸಿಲಿಂಡರ್ ದಿಲ್ಲಿಯಲ್ಲೇ ಎರಡು ಸಾವಿರ ದಾಟಿತು. ಇಲ್ಲಿಯ ದರ ಇನ್ನೂ ಮೇಲೆ. ಎಣ್ಣೆ ಆ ವರ್ಷ ಏರಿತು, ಮರು ವರ್ಷ ಉಕ್ರೇನ್ ಯುದ್ಧ ಅಂತ ಸೂರ್ಯಕಾಂತಿ ಎಣ್ಣೆ ಮತ್ತೆ ಏರಿತು. ಕೋವಿಡ್ ಹೋಯಿತು, ಸಿಲಿಂಡರ್ ಹಳೇ ದರಕ್ಕೆ ಬಂತಾ?

ನಿತ್ಯ ಗಿರಾಕಿ, ಕುಮಟಾ

ಪಲ್ಯದ ಬಗ್ಗೆ ಏನೂ ಹೇಳಲಿಲ್ಲ ನೀವು.

ಅಡುಗೆಮನೆ, ಭಟ್ಕಳ

ಉತ್ತರ ಕನ್ನಡ ಜಿಲ್ಲೆಯ ಮೊದಲ ಕೋವಿಡ್ ಪ್ರಕರಣಗಳು ನಮ್ಮ ಊರಿನಲ್ಲಿ. ರೋಗಿಗಳನ್ನು ಕಾರವಾರದ ನೌಕಾಪಡೆ ಆಸ್ಪತ್ರೆ ಪತಂಜಲಿಗೆ ಒಯ್ಯುತ್ತಿದ್ದರು. ಊರಿಗೆ ಊರೇ ಸೀಲ್. ನಿಮಗೆ ಪಾರ್ಸೆಲ್ ಆದರೂ ಇತ್ತು, ನಮಗೆ ಮನೆಯಿಂದ ಹೊರಗೆ ಕಾಲಿಡಲೂ ಇಲ್ಲ. ಅದರ ನಡುವೆ ರಂಜಾನ್, ಏಪ್ರಿಲ್ ಕೊನೆಯಿಂದ ಮೇ ಕೊನೆಯ ತನಕ. ಹೋಟೆಲಿಗೆ ಅದೇ ದೊಡ್ಡ ಸೀಸನ್.

ಆಮೇಲೆ ಆದದ್ದು ಯಾರೂ ಎಣಿಸಿದ್ದಲ್ಲ. ಮನೆ ಹೆಂಗಸರು ಅಡುಗೆ ವ್ಯಾಪಾರಕ್ಕೆ ಇಳಿದರು. ಭಟ್ಕಳಿ ಬಿರಿಯಾನಿ, ಶಾವಿಗೆಯ ಬಿರಿಯಾನಿ, ಹಲ್ವಾ. ರುಚಿಯಲ್ಲಿ ಹೋಟೆಲು ಅವರ ಮುಂದೆ ನಿಲ್ಲುವುದಿಲ್ಲ, ಬಿಡಿ. ನಾವು ಪ್ಲೇಟ್ ಬಿರಿಯಾನಿ ಕಮ್ಮಿ ಮಾಡಿ ಕಿಲೋ ಲೆಕ್ಕದಲ್ಲಿ ಹಂಡಿ ಆರ್ಡರ್ ತೆಗೆದುಕೊಂಡೆವು. ಮನೆಯಲ್ಲಿ ಎರಡು ಕಿಲೋ ಮಾಡಬಹುದು, ಇಪ್ಪತ್ತು ಕಿಲೋ ಕಷ್ಟ. ಅಲ್ಲಿ ನಮಗೆ ಜಾಗ ಸಿಕ್ಕಿತು. ಅವರಿಗೆ ದೊಡ್ಡ ಆರ್ಡರ್ ಬಂದರೆ ನಮಗೆ ಕಳಿಸುತ್ತಾರೆ. ಹಲ್ವಾ ನಾವು ಅವರಿಂದಲೇ ತಂದು ಮಾರುತ್ತೇವೆ.

ಹೊನ್ನಾವರದ ಅಕ್ಕ

ನಮ್ಮದು ಮಹಿಳಾ ಸಂಘದ ಕ್ಯಾಂಟೀನ್. 2020ರಲ್ಲಿ ಕ್ವಾರಂಟೈನ್ ಕೇಂದ್ರಕ್ಕೆ ಊಟ ಕೊಡುವ ಕೆಲಸ ಸಿಕ್ಕಿತು. ಮುಂಬಯಿಯಿಂದ ಬಂದವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಇಟ್ಟಿದ್ದರಲ್ಲ. ದಿನಕ್ಕೆ ಮೂರು ಹೊತ್ತು. ಒಲೆ ಆರಲಿಲ್ಲ, ಖುಷಿಯಾಯಿತು. ಬಿಲ್ಲು ಮಾತ್ರ ಎಷ್ಟೋ ತಿಂಗಳು ಕೈಗೆ ಬರಲಿಲ್ಲ. ಅಕ್ಕಿ ಅಂಗಡಿಯವನ ಸಾಲ ಬೆಳೆಯಿತು. ಸರ್ಕಾರಿ ಊಟದ ಕೆಲಸ ಹಿಡಿಯುವವರು ಮೂರು ತಿಂಗಳ ದಿನಸಿಗೆ ದುಡ್ಡು ಇಟ್ಟುಕೊಂಡೇ ಹಿಡಿಯಿರಿ.

ಆ ಅಕ್ಟೋಬರ್‌ನಲ್ಲಿ ಕಾಸರಕೋಡ ಬೀಚಿಗೆ ಬ್ಲೂ ಫ್ಲ್ಯಾಗ್ (ಸ್ವಚ್ಛ ಕಡಲತೀರದ ಮಾನ್ಯತೆ) ಬಂತು. ಶರಾವತಿ ಬೋಟಿಂಗ್‌ಗೂ ಜನ ಬರಲು ಶುರುವಾದರು. ಸ್ವಲ್ಪ ಉಸಿರು ಬಂತು ಅನ್ನುವಾಗ 2021ರ ಏಪ್ರಿಲ್ 27ಕ್ಕೆ ಮತ್ತೆ ಬಂದ್. ಮೇ ನಡುವಿಗೆ ತೌಕ್ತೆ ಚಂಡಮಾರುತ. ಕ್ಯಾಂಟೀನಿನ ತಗಡು ಹಾರಿತು.

ನಮ್ಮನ್ನು ನಿಲ್ಲಿಸಿದ್ದು ತಿಂಗಳ ಊಟ. ಬ್ಯಾಂಕಿನವರು, ನರ್ಸುಗಳು, ಬೇರೆ ಊರಿಂದ ಬಂದ ಮೇಷ್ಟ್ರುಗಳು. ಲಾಕ್‌ಡೌನ್ ಇರಲಿ, ಬಿಡಲಿ, ಅವರು ಕೆಲಸಕ್ಕೆ ಹೋಗಲೇಬೇಕು, ಉಣ್ಣಲೇಬೇಕು. ಸ್ಟೀಲ್ ಕ್ಯಾರಿಯರ್ ಎರಡು ಜೊತೆ. ಒಂದು ಅವರ ಹತ್ತಿರ, ಒಂದು ನಮ್ಮ ಹತ್ತಿರ. ಡಬ್ಬಿ ಖರ್ಚಿಲ್ಲ, ಪ್ಲಾಸ್ಟಿಕ್ ಇಲ್ಲ. ಅರ್ಧ ದುಡ್ಡು ತಿಂಗಳ ಮೊದಲೇ ಕೈಗೆ. ನಾಳೆ ಎಷ್ಟು ಜನರ ಅಕ್ಕಿ ಅಂತ ಇವತ್ತೇ ಗೊತ್ತು, ಹಾಗಾಗಿ ಹಾಳಾಗುವುದು ಕಮ್ಮಿ. ಲಾಭ ಒಂದು ಊಟಕ್ಕೆ ಕಮ್ಮಿಯೇ. ಆದರೆ ಮಳೆ ಬಂದರೂ, ರಸ್ತೆ ಕುಸಿದರೂ ಅದು ಇರುತ್ತದೆ. ಅಂಕೋಲೆಯ ತಮ್ಮಾ, ನಿನ್ನ ಹೋಟೆಲಿನಿಂದ ಮೂರು ಕಿಲೋಮೀಟರ್ ಒಳಗೆ ಮನೆಯಲ್ಲಿ ಅಡುಗೆ ಮಾಡಿಕೊಳ್ಳದವರು ಎಷ್ಟು ಜನ ಇದ್ದಾರೆ? ಮೊದಲು ಅದನ್ನು ಎಣಿಸು.

ಹೆದ್ದಾರಿ ಹೋಟೆಲಿನವ, ಅಂಕೋಲಾ

ಅಕ್ಕಾ, ನಿನ್ನ ಮಾತು ಓದಿ ಅಣ್ಣನ ಜೊತೆ ಕೂತು ಎಣಿಸಿದೆ. ಎರಡು ಬ್ಯಾಂಕು, ಒಂದು ಹೈಸ್ಕೂಲು, ರಸ್ತೆ ಕೆಲಸದ ಇಂಜಿನಿಯರುಗಳ ಒಂದು ಕ್ಯಾಂಪು, ಪೆಟ್ರೋಲ್ ಬಂಕಿನ ಹುಡುಗರು. ಇವರೆಲ್ಲ ಇಷ್ಟು ವರ್ಷ ನಮ್ಮ ಮುಂದೆಯೇ ಓಡಾಡುತ್ತಿದ್ದರು. ಇವತ್ತು ಸಂಜೆ ಕ್ಯಾಂಪಿಗೆ ಹೋಗಿ ಮಾತಾಡಿ ಬಂದೆ. ರಾತ್ರಿ ಊಟ ಬೇಕು ಅಂದರು, ರೊಟ್ಟಿ ಇರಲೇಬೇಕಂತೆ. ರೊಟ್ಟಿ ತಟ್ಟುವವಳಿಗೆ ಸೋಮವಾರದಿಂದ ಬರಲು ಹೇಳಿದ್ದೇನೆ.

ಕೋಡಿಬಾಗದಣ್ಣ, ಲೆಕ್ಕದವರೇ, ಒಂದು ಕೇಳುವುದಿತ್ತು. ಅತ್ತಿಗೆ ಶೆಟ್ಲಿ ಉಪ್ಪಿನಕಾಯಿ ಚೆನ್ನಾಗಿ ಮಾಡುತ್ತಾಳೆ. ಮಸಾಲೆ ಜೊತೆ ಅದನ್ನೂ ಗಲ್ಲೆ ಪಕ್ಕ ಇಡಬಹುದಾ? ಕಾಗದಪತ್ರ ಏನು ಬೇಕು?

ಲೆಕ್ಕದ ಪುಸ್ತಕ, ಕುಮಟಾ

ನಿಮ್ಮ ಹೋಟೆಲಿಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಇದ್ದೇ ಇರುತ್ತದೆ, ಬಿಲ್ಲಿನ ಮೇಲಿನ 14 ಅಂಕಿಯ ನಂಬರ್. 2024ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷದ ಒಳಗಿನ ವ್ಯಾಪಾರಕ್ಕೆ ಸಣ್ಣ ನೋಂದಣಿ, ವರ್ಷಕ್ಕೆ ನೂರು ರೂಪಾಯಿ. ಅದರ ಮೇಲಾದರೆ ಲೈಸೆನ್ಸ್. ಆದರೆ ಊಟ ಬಡಿಸುವುದು ಬೇರೆ, ಡಬ್ಬಿಗೆ ತುಂಬಿ ಮಾರುವುದು ಬೇರೆ. ತಯಾರಿಕೆಯನ್ನೂ ಅದರಲ್ಲಿ ಸೇರಿಸಬೇಕು. ಲೇಬಲ್ ಮೇಲೆ ಹೆಸರು, ಏನೇನು ಹಾಕಿದ್ದೀರಿ, ತೂಕ, ಮಾಡಿದ ದಿನ, ಎಷ್ಟು ದಿನ ಇರುತ್ತದೆ, ದರ, ವಿಳಾಸ, ಆ ನಂಬರ್. ಮಸಾಲೆಗೆ ಹಸಿರು ಚುಕ್ಕೆ, ಶೆಟ್ಲಿಗೆ ಕಂದು ಚೌಕದೊಳಗೆ ಕಂದು ತ್ರಿಕೋನ. ಎರಡಕ್ಕೂ ಒಂದೇ ಸ್ಟಿಕ್ಕರ್ ಹಚ್ಚಬೇಡಿ. ಇನ್ನು ಸಾಲ ತೆಗೆದು ಯಂತ್ರ ತರುವುದಾದರೆ ಕಿರು ಆಹಾರ ಉದ್ಯಮಕ್ಕೆ ಕೇಂದ್ರದ ಯೋಜನೆ 2020ರಲ್ಲಿ ಬಂತು. ಶೇಕಡಾ 35 ಸಹಾಯಧನ, ಹತ್ತು ಲಕ್ಷದ ಮಿತಿ. ನನ್ನ ಕೇಳಿದರೆ ಈ ವರ್ಷ ಯಂತ್ರ ಬೇಡ.

ತಂಬುಳಿ, ಶಿರಸಿ

ಡಬ್ಬಿ ಬೇಕಾದರೆ ನಾನು ತರಿಸುವಾಗ ಹೇಳುತ್ತೇನೆ, ಜಾಸ್ತಿ ತೆಗೆದರೆ ದರ ಕಮ್ಮಿ. ಶೆಟ್ಲಿ ತುಂಬಿದ ಮೇಲೆ ನಮ್ಮ ಕಡೆ ವಾಪಸ್ ಕಳಿಸಬೇಡಿ ಅಷ್ಟೇ.

ಕೋಡಿಬಾಗದವ, ಕಾರವಾರ

ಶೆಟ್ಲಿಯಲ್ಲಿ ನೀರಿನಂಶ ಉಳಿದರೆ ಬೂಸ್ಟು ಬರುತ್ತದೆ. ಚೆನ್ನಾಗಿ ಹುರಿಯಲು ಹೇಳಿ, ಎಣ್ಣೆ ಮೇಲೆ ನಿಲ್ಲಬೇಕು. ಮೊದಲ ಸಲ ಸ್ವಲ್ಪವೇ ಮಾಡಿ, ಒಂದು ಡಬ್ಬಿ ತಿಂಗಳು ಹೊರಗಿಟ್ಟು ನೋಡಿ, ಆಮೇಲೆ ಮಾರಿ. ಮಸಾಲೆಗೆ ಮೆಣಸು ಈಗ ಜಾಸ್ತಿ ಕೊಳ್ಳಬೇಡಿ, ಹಳೇ ಮಾಲು, ಬಣ್ಣ ಇರುವುದಿಲ್ಲ. ಜನವರಿ ಆದ ಮೇಲೆ ಬ್ಯಾಡಗಿ ಮಾರುಕಟ್ಟೆಗೆ ಹೊಸದು ಬರುತ್ತದೆ. ನಾನು ಹೋಗುವಾಗ ಫೋನ್ ಮಾಡುತ್ತೇನೆ, ಒಂದೇ ಗಾಡಿಯಲ್ಲಿ ಇಬ್ಬರದ್ದೂ ತರೋಣ.

ಬನ್ಸ್ ಭಾಜಿ, ಕಾರವಾರ

ಕ್ಯಾಂಪಿನವರಿಗೆ ಬೆಳಿಗ್ಗೆ ತಿಂಡಿ ಯಾರು ಕೊಡುತ್ತಾರೆ ಅಂತ ಕೇಳಿದಿರಾ?